ಉಡಿಗೆ ಬಿದ್ದ ಕಲ್ಲು

ತಾಂಡೂರಿನಲ್ಲಿ ರೈಲು ಹಳಿಯ ಆಚೆಗಿರುವ ಒಂದು ಬೇಳೆ ಮಿಲ್ಲಿನಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಅದನ್ನು ಮೊದಲು ಯಾರು ತಂದರೋ ಗೊತ್ತಿಲ್ಲ. ತಂದವನಿಗೆ ತಾಯಿ, ತಂಗಿ ಇರಲಿಲ್ಲ ಅಂತ ಕಾಣುತ್ತದೆ. ಊರ ಹೊರಗೆ ಹೋದ ಬೇಳೆ ಚೀಲ ಕಲ್ಲು ಸಿಕ್ಕಿತೆಂದು ತಿರುಗಿ ಬಂದರೆ, ಆ ಬೇಳೆ ಆರಿಸಿದ ಹೆಂಗಸು ಯಾರೆಂದು ಹುಡುಕುವುದೇ ಮೊದಲ ಕೆಲಸ. ಸಂಜೆ ಕೆಲಸ ಬಿಡುವ ಹೊತ್ತಿಗೆ ಆಳುಗಳ ಮೇಲೆ ಕಣ್ಣಿಡುವ ಮುಕಾದಮ ಮೊಗಲಪ್ಪ ಆಕೆಯನ್ನು ಗೇಟಿನ ಮುಂದೆ ನಿಲ್ಲಿಸಿ, ಸೆರಗು ಒಡ್ಡಿಸಿ, ಸಿಕ್ಕ ಕಲ್ಲನ್ನೆಲ್ಲ ಅವಳ ಉಡಿಗೆ ಸುರಿಯುತ್ತಿದ್ದ. ಅದನ್ನು ಕಟ್ಟಿಕೊಂಡೇ ಅವಳು ಮನೆತನಕ ನಡೆಯಬೇಕು. ದಾರಿಯಲ್ಲಿ ಚೆಲ್ಲಿದಳೆಂದು ತಿಳಿದರೆ ಮರುದಿನ ಗೇಟು ತೆರೆಯುತ್ತಿರಲಿಲ್ಲ. ಹೆಣ್ಣುಮಗಳಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನದ ಬೇರು ಹಾಕಿ ಉಡಿ ತುಂಬಿ ಕಳಿಸುವ ನಾಡು ಇದು. ಇಂಥ ನಾಡಿನಲ್ಲಿ ಉಡಿಗೆ ಕಲ್ಲು ಹಾಕಿ ಕಳಿಸಿದ ಮೇಲೆ ಬೇರೆ ಕಪಾಳಕ್ಕೆ ಹೊಡೆಯುವುದೇ ಬೇಡ.

ಗಂಗಾರಾಮ ಆ ಮಿಲ್ಲಿನ ಹಮಾಲ. ಐವತ್ತರ ಹತ್ತಿರದ ಆಳು. ಎಣ್ಣೆ ಹಚ್ಚಿದ ತೊಗರಿಯನ್ನು ಅಂಗಳದಲ್ಲಿ ಹರವುವುದು, ಬಿಸಿಲಿಗೆ ತಿರುವಿ ಹಾಕುವುದು, ಒಣಗಿದ ಮೇಲೆ ಸಲಿಕೆಯಿಂದ ಬಳಿದು ರಾಶಿ ಮಾಡುವುದು ಅವನ ಕೆಲಸ. ದುಡಿಮೆಯಲ್ಲಿ ಅವನನ್ನು ಮೀರಿಸಿದವರಿಲ್ಲ, ಸಿಟ್ಟಿನಲ್ಲೂ ಇಲ್ಲ. ಅವನ ಸಿಟ್ಟಿಗೆ ಕಾರಣ ಬೇಕಿರಲಿಲ್ಲ, ಎದುರಿಗೊಬ್ಬ ಮನುಷ್ಯ ಇದ್ದರೆ ಸಾಕು. ಅವನ ಹೆಂಡತಿ ಶಂಕರಮ್ಮ ಅದೇ ಮಿಲ್ಲಿನ ಆರಿಸುವ ಸಾಲಿನಲ್ಲಿ ಕೂಡುತ್ತಿದ್ದಳು. ಮೊರದ ಮೇಲೆ ಅವಳ ಬೆರಳು ಓಡುವುದನ್ನು ನೋಡಿದವರು, ಈಕೆ ಬೇಳೆ ಆರಿಸುತ್ತಾಳೋ ಹಾರ್ಮೋನಿಯಂ ನುಡಿಸುತ್ತಾಳೋ ಅನ್ನುತ್ತಿದ್ದರು. ಅವಳ ಚೀಲ ಎಂದೂ ತಿರುಗಿ ಬಂದಿರಲಿಲ್ಲ.

ಹೋದ ವರ್ಷ ದಸರೆಯ ಮುಂಚೆ ಬಂತು.

ಅವತ್ತು ಗೇಟಿನ ಹತ್ತಿರ ಮೊಗಲಪ್ಪ ಕಲ್ಲು ಸುರಿಯುವಾಗ ಶಂಕರಮ್ಮ, "ನಾ ಆರಿಸಿದಾಗ ಇವು ಇದ್ದಿಲ್ಲ, ಮುಕಾದಮ. ದೇವರಾಣಿ ಇದ್ದಿಲ್ಲ" ಅಂದಳಂತೆ. ಅದಕ್ಕೆ ಮೊಗಲಪ್ಪ ತನ್ನ ಹಳೆಯ ಮಾತನ್ನೇ ಎಸೆದ. ನೆಪ ಹೇಳಿದವರಿಗೆಲ್ಲ ಅವನು ಎಸೆಯುತ್ತಿದ್ದದ್ದು ಅದೊಂದೇ: "ಕುಣಿಯಾಕ ಬರಲಾರದಕಿ ಅಂಗಳಾ ಡೊಂಕ ಅಂದ್ಳಂತ. ನಡಿ ನಡಿ."

ನಿಂತವರು ನಕ್ಕರು. ಹಮಾಲರೂ ನಕ್ಕರು. ಅವರ ನಡುವೆ ಗಂಗಾರಾಮನೂ ನಿಂತಿದ್ದ.

ಓಣಿಯಲ್ಲಿ ಶಂಕರಮ್ಮ ನಡೆದು ಬರುವಾಗ ಕಟ್ಟೆಯ ಮೇಲಿನ ಮುದುಕಿಯೊಬ್ಬಳು, "ಯಾರ ಮನೀ ಕಾರ್ಯಾ ಇತ್ತವ್ವ, ಉಡಿ ಭಾರೀ ತುಂಬ್ಯಾರ!" ಅಂದಳು. ಶಂಕರಮ್ಮ ತಲೆ ಎತ್ತಲಿಲ್ಲ. ಮನೆಗೆ ಬಂದು ಹೊಸ್ತಿಲ ಹತ್ತಿರ ಸೆರಗು ಬಿಚ್ಚಿದಳು. ಕಲ್ಲು ಉದುರಿದವು, ತೆಳ್ಳಗೆ, ಹಳದಿ, ಬೇಳೆಯಂಥವೇ. ಅವಳು ಗಂಡನ ಮುಖ ನೋಡಿದಳು. ಹೊರಗಿನವರು ಏನೇ ಅನ್ನಲಿ, ಇವನು ಒಂದು ಮಾತು ತನ್ನ ಕಡೆಗೆ ಆಡುತ್ತಾನೆ ಅಂತ ಅವಳಿಗೆ ನಂಬಿಕೆ ಇತ್ತು.

ಗಂಗಾರಾಮ ಆಡಿದ್ದು ಇದು: "ಕಣ್ಣ ಎತ್ತಾಗ ಇಟ್ಟಿದ್ದಿ? ನಾಕ ಮಂದ್ಯಾಗ ನನ್ನ ಇಜ್ಜತ್ ತೆಗದಿ."

"ಕಲ್ಲ ಇದ್ದಿಲ್ರಿ. ನಾ ನೋಡೀನಿ."

"ಇದ್ದಿಲ್ಲಂದ್ರ ಇವೇನ್ ಆಕಾಶದಾಗಿಂದ ಉದರ್ಯಾವು? ಹರಟಿ ಹೊಡಕೋತ ಆರಿಸಿದ್ರ ಹಿಂಗೇ ಆಗ್ತದ. ಕಣ್ಣ ಹೋಗಿದ್ರ ಹೋಗ್ಯಾವು ಅನ್ನು, ಸುಳ್ಳ ಯಾಕ ಹೇಳ್ತಿ?"

ಶಂಕರಮ್ಮ ಕೆಳಗೆ ಕೂತಳು. ಕಲ್ಲುಗಳನ್ನು ಒಂದೊಂದೇ ಆರಿಸಿ ಹೊರಗೆ ಹಾಕಿದಳು. ದಸರೆಗೆಂದು ಕಲ್ಹೇರಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಬೊಮ್ರಾಸಪೇಟೆಗೆ ಕೊಟ್ಟ ಮಗಳು ದೇವಿಕಾಳ ಕುಬಸದಲ್ಲಿ ಗಂಡಹೆಂಡಿರು ಎದುರಾದರು. ಅಲ್ಲಿ ತಾಯಿಯೇ ಮೊದಲು ಬಸುರಿ ಮಗಳ ಉಡಿ ತುಂಬಬೇಕು; ಶಂಕರಮ್ಮ ಹಿಂದಕ್ಕೆ ಸರಿದು ನಿಂತು ತಮ್ಮನ ಹೆಂಡತಿಯನ್ನು ಮುಂದೆ ಮಾಡಿದಳು. "ನನ್ನ ಕೈ ಬ್ಯಾಡ" ಅಂದಳು. ಅದನ್ನು ಗಂಗಾರಾಮ ಕಂಡ. ಮಂದಿಯ ಎದುರಿಗೆ ಹಟ ಮಾಡುತ್ತಾಳೆ ಅಂದುಕೊಂಡ. ಹೆಂಡತಿಯನ್ನು ಮಾತಾಡಿಸದೆ ಉಂಡು ಬಂದ.

ಆದರೆ ಖಾಲಿ ಮನೆ ಎಂಥವನ ಸೊಕ್ಕನ್ನೂ ಇಳಿಸುತ್ತದೆ. ಮಳೆಗಾಲ ಬರುವ ಹೊತ್ತಿಗೆ ಗಂಗಾರಾಮನಿಗೆ ಅವಳು ಬೇಕಾಗಿದ್ದಳು. ಫೋನು ಹಚ್ಚಿದರೆ ಎತ್ತುವುದು ಅವಳ ತಮ್ಮ. "ಅಕ್ಕ ಹೊಲಕ್ಕ ಹೋಗ್ಯಾಳ" ಅನ್ನುತ್ತಿದ್ದ, ಯಾವ ಹೊತ್ತಿಗೆ ಕೇಳಿದರೂ. ಮಿಲ್ಲಿನವರು ಅವಮಾನ ಮಾಡಿದ್ದಕ್ಕೆ ಮುನಿಸಿಕೊಂಡಿದ್ದಾಳೆ, ಮಿಲ್ಲಿನವರೇ ಒಂದು ಒಳ್ಳೆ ಮಾತು ಹೇಳಿ ಕರೆದರೆ ಬಂದಾಳು ಅಂತ ಅವನು ಲೆಕ್ಕ ಹಾಕಿದ. ತನ್ನ ಮಾತು ಆ ಲೆಕ್ಕದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮಿಲ್ಲಿಗೆ ದೀಪ್ತಿ ಬಂದಳು.

ಚೀಲಗಳು ತಿರುಗಿ ಬರುವುದು ನಿಂತಿರಲಿಲ್ಲ. ಶಂಕರಮ್ಮ ಹೋದ ಮೇಲೆ ಇನ್ನೂ ಮೂರ್ನಾಲ್ಕು ಹೆಂಗಸರ ಉಡಿಗೆ ಕಲ್ಲು ಬಿದ್ದವು, ಇಬ್ಬರು ಕೆಲಸ ಬಿಟ್ಟರು, ಕಲ್ಲು ಮಾತ್ರ ಬಿಡಲಿಲ್ಲ. ದೊಡ್ಡ ಗಿರಾಕಿಯೊಬ್ಬ, ಇನ್ನೊಂದು ಸಲ ಕಲ್ಲು ಸಿಕ್ಕರೆ ನಿಮ್ಮ ಬೇಳೆಯೇ ಬೇಡ ಅಂದಾಗ ಮಿಲ್ಲಿನ ಒಡೆಯ ಸಾವುಕಾರನ ನಿದ್ದೆ ಹಾರಿತು. ಮಾಲಿನ ಗುಣ ನೋಡಿಕೊಳ್ಳುವುದಕ್ಕೆಂದೇ ಜಹೀರಾಬಾದಿನಿಂದ ಈ ಹುಡುಗಿಯನ್ನು ಕರೆಸಿದ. ಸಂಬಳದಾರರ ಮನೆಯ ಹುಡುಗಿ. ಅವಳಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಬಂದ ದಿನವೇ ಅವಳು ಉಡಿಗೆ ಕಲ್ಲು ಹಾಕುವುದನ್ನು ನಿಲ್ಲಿಸಿದಳು.

ಮೊಗಲಪ್ಪನಿಗೆ ಸೇರಲಿಲ್ಲ. "ಮೇಡಮ್, ನೀವು ಹೊಸಬರು. ಹೆದರಿಕಿ ಇಲ್ಲಂದ್ರ ಈ ಮಂದಿ ಕಣ್ಣ ಮುಚ್ಚಿ ಆರಸ್ತಾರ."

"ಹೆದರಿಕಿ ಇಷ್ಟ ವರ್ಷ ಇತ್ತಲ್ಲ ಮೊಗಲಪ್ಪ, ಕಲ್ಲ ನಿಂತಾವೇನು?"

ಮೊಗಲಪ್ಪ ಗೊಣಗುತ್ತ ಗೇಟಿನ ಕಡೆಗೆ ನಡೆದ.

ದೀಪ್ತಿ ಸಾಲಿನ ನಡುನಡುವೆ ಸ್ಟೀಲಿನ ಬಟ್ಟಲು ಇಡಿಸಿ, ಸಿಕ್ಕ ಕಲ್ಲನ್ನು ಇದರಲ್ಲಿ ಹಾಕಿರಿ, ಯಾರದು ಅಂತ ಕೇಳುವುದಿಲ್ಲ ಅಂದಳು. ಮೊದಲ ವಾರ ಬಟ್ಟಲು ಖಾಲಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಚ್ಚು ಕಲ್ಲು ಸಿಕ್ಕವು ಅಂದರೆ ತನಗಿಂತ ಮುಂಚೆ ಆ ಬೇಳೆ ಆರಿಸಿದವಳು ಬೈಸಿಕೊಳ್ಳುತ್ತಾಳೆ, ಕಡಿಮೆ ಸಿಕ್ಕವು ಅಂದರೆ ತಾನು. ಹಾಗಾಗಿ ಸಿಕ್ಕ ಕಲ್ಲನ್ನು ಎಲೆಅಡಿಕೆ ಸಂಚಿಗೆ ಸೇರಿಸಿ ಹೊರಗೊಯ್ದು ಚೆಲ್ಲುವುದು ಅವರಲ್ಲಿ ರೂಢಿಯಾಗಿಬಿಟ್ಟಿತ್ತು. ಮಿಲ್ಲಿನಲ್ಲಿ ದಿನಕ್ಕೆ ಎಷ್ಟು ಕಲ್ಲು ಬರುತ್ತವೆ ಅನ್ನುವುದು ಆ ಸಂಚಿಗಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅಮೃತಬಾಯಿ ಅನ್ನುವ ಹಿರಿಯ ಹೆಂಗಸು ಎದ್ದುಬಂದು ಸಂಚಿಯನ್ನು ಬಟ್ಟಲಿಗೆ ಕೊಡವಿದಳು. "ನನ್ನ ಉಡಿ ಎರಡ ಸಲ ತುಂಬ್ಯದವ್ವ. ಮೂರನೇದ್ದಕ್ಕ ನಾ ಹೆದರಂಗಿಲ್ಲ" ಅಂದಳು. ಎಲ್ಲರೂ ನಕ್ಕರು. ಮರುದಿನದಿಂದ ಬಟ್ಟಲು ತುಂಬತೊಡಗಿದವು.

ಅಷ್ಟು ಕಲ್ಲು ನೋಡಿದ ಮೇಲೆ ದೀಪ್ತಿ, ಕಲ್ಲು ಯಾರ ಕೈಯಲ್ಲಿ ಉಳಿಯಿತು ಅನ್ನುವುದನ್ನು ಬಿಟ್ಟು, ಎಲ್ಲಿಂದ ಬಂತು ಅಂತ ಹುಡುಕಿದಳು. ತೊಗರಿ ಹೊಲದಿಂದ ಬಂದಾಗ ಒಂದು ಬೊಗಸೆ, ಜರಡಿ ಹಿಡಿದ ಮೇಲೆ ಒಂದು ಬೊಗಸೆ, ಎಣ್ಣೆ ಹಚ್ಚಿದ ಮೇಲೆ, ಅಂಗಳದಲ್ಲಿ ಒಣಗಿದ ಮೇಲೆ, ಹೀಗೆ ಪ್ರತಿ ಹಂತದಲ್ಲೂ ತೆಗೆಸಿ ಬಿಳಿ ಬಟ್ಟೆಯ ಮೇಲೆ ಹರವಿ ನೋಡಿದಳು. ಬಿಸಿಲಲ್ಲಿ ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ಕೂತು, ಗಂಗಾರಾಮ ಸಲಿಕೆ ಎಳೆಯುವುದನ್ನು ನೋಡುತ್ತಿದ್ದಳು. "ಏನ್ ಮೇಡಮ್, ನಮ್ಮ ಕೆಲಸಾ ಕಲೀಲಕತ್ತೀರೇನು?" ಅಂತ ಅವನು ಕೇಳಿದ್ದ. ಅವಳು ನಕ್ಕಿದ್ದಳು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಎರಡು ಬಿಳಿ ಬಟ್ಟೆ ಹಾಸಿತ್ತು. ಒಂದರ ಮೇಲೆ ಅಂಗಳಕ್ಕೆ ಬರುವ ಮುಂಚಿನ ತೊಗರಿ. ಅದರಲ್ಲಿ ಕಲ್ಲಿರಲಿಲ್ಲ. ಇನ್ನೊಂದರ ಮೇಲೆ ಅಂಗಳದಿಂದ ಬಳಿದ ತೊಗರಿ. ಅದರಲ್ಲಿ ತೆಳ್ಳನೆಯ ಹಳದಿ ಚಕ್ಕೆಗಳು ಎದ್ದು ಕಾಣುತ್ತಿದ್ದವು.

"ಕಲ್ಲ ಹೊಲದಾಗಿಂದ ಬಂದಿಲ್ಲ. ಇಲ್ಲಿಂದ ಬಂದಾವು" ಅಂತ ದೀಪ್ತಿ ಕಾಲಡಿಯ ನೆಲ ತೋರಿಸಿದಳು.

ಅಂಗಳಕ್ಕೆ ಹಾಸಿದ್ದು ತಾಂಡೂರಿನದೇ ಹಳದಿ ಫರಸಿ ಕಲ್ಲು. ಸಾವುಕಾರನ ತಂದೆ, ಊರ ಕಲ್ಲಿಗಿಂತ ಒಳ್ಳೆ ನೆಲ ಎಲ್ಲಿದೆ ಅಂತ ಅಭಿಮಾನದಿಂದ ಹಾಸಿಸಿದ್ದು. ಮೊದಲು ಅದು ಗಟ್ಟಿಯೇ ಇತ್ತು. ಆದರೆ ವರ್ಷವರ್ಷ ಮಧ್ಯಾಹ್ನ ಕಾದು ಕೆಂಡವಾಗುವುದು, ಕಾದ ಮೈಮೇಲೆಯೇ ಎಣ್ಣೆ ಜಿಡ್ಡು ತೊಳೆಯಲು ನೀರು ಹೊಡೆಯುವುದು ನಡೆದು, ಕಲ್ಲು ಈರುಳ್ಳಿಯ ಸಿಪ್ಪೆಯ ಹಾಗೆ ಪದರಪದರವಾಗಿ ಏಳುತ್ತಿತ್ತು. ಆ ಚಕ್ಕೆ ಬೇಳೆಯಷ್ಟೇ ತೆಳುವು, ಬೇಳೆಯದೇ ಬಣ್ಣ. ಸಾಲದ್ದಕ್ಕೆ ಹೆಂಗಸರು ಕೂತು ಆರಿಸುವ ಶೆಡ್ಡಿನ ಮೇಲೆ ಹಳದಿ ಪ್ಲಾಸ್ಟಿಕ್ ತಗಡು. ಹಳದಿ ಬೇಳೆಯಲ್ಲಿ ಹಳದಿ ಕಲ್ಲನ್ನು ಹಳದಿ ಬೆಳಕಿನಲ್ಲಿ ಹುಡುಕಿರಿ ಅಂತ ಕೂಡಿಸಿ, ಸಿಗದಿದ್ದರೆ ಉಡಿಗೆ ಹಾಕಿ ಕಳಿಸುತ್ತಿದ್ದರು.

ಅಮೃತಬಾಯಿ ಮೊಗಲಪ್ಪನ ಕಡೆ ತಿರುಗಿದಳು. "ಮುಕಾದಮ, ಈಗೇನಂತಿ? ಕುಣಿಯಾಕ ನಮಗ ಬರತಿತ್ತು. ಅಂಗಳನೇ ಖರೇ ಡೊಂಕ ಇತ್ತಲ್ಲೋ!"

ನಗೆ ಎದ್ದಿತು. ಮೊಗಲಪ್ಪನೂ ಹಲ್ಲು ಕಿರಿದ. ನಾಳೆಯಿಂದ ಅಂಗಳಕ್ಕೆ ನೀಲಿ ತಾಡಪತ್ರಿ ಹಾಸುವುದು, ಶೆಡ್ಡಿಗೆ ಬಿಳಿ ಬೆಳಕಿನ ದೀಪ ಹಾಕುವುದು ಅಂತ ದೀಪ್ತಿ ಹೇಳುತ್ತಿದ್ದಳು. ಗಂಗಾರಾಮನ ಲಕ್ಷ್ಯ ಅತ್ತ ಇರಲಿಲ್ಲ. ಬಿಳಿ ಬಟ್ಟೆಯ ಮೇಲಿನ ಆ ಚಕ್ಕೆಗಳನ್ನು ಅವನು ತನ್ನ ಮನೆಯ ಹೊಸ್ತಿಲಲ್ಲಿ ನೋಡಿದ್ದ.

ಮಂದಿ ಚೆದುರಿದ ಮೇಲೆ ಸೀದಾ ಆಫೀಸಿಗೆ ನುಗ್ಗಿದ. ಸಾವುಕಾರ, ಮೊಗಲಪ್ಪ, ದೀಪ್ತಿ ಮೂವರೂ ಒಳಗಿದ್ದರು.

"ಕಲ್ಲ ಅಂಗಳದಾಗಿಂದ ಬಂದಿದ್ರ ನನ್ನ ಹೆಂಡತಿ ಉಡಿಗಿ ಯಾಕ ಹಾಕಿದ್ರಿ?"

ಸಾವುಕಾರ ಕೈ ಬೀಸಿದ. "ಆದದ್ದ ಆಗಿಹೋತು ಗಂಗಾರಾಮ. ಈಗ ಸುಧಾರಸ್ಲಕತ್ತೀವಲ್ಲ."

"ನಿಮಗ ಆಗಿಹೋತು. ನನ್ನ ಹೆಂಡತಿ ಇನ್ನಾ ಕಲ್ಹೇರದಾಗ ಕುಂತಾಳ. ಯಾರ ಗಲತಿ ಇದು? ಹೆಸರ ಹೇಳ್ರಿ."

"ಕಾಕಾ, ಈಗ ನಾವು ಇಲ್ಲಿ ಯಾರದು ಅಂತ ಕೇಳಂಗಿಲ್ರಿ," ದೀಪ್ತಿ ಮೆತ್ತಗೆ ಅಂದಳು, "ಹ್ಯಾಂಗಾತು ಅಂತ ಅಷ್ಟೇ ನೋಡೂದು."

ಅದು ಅವನ ತಲೆಗೆ ಬೆಂಕಿ ಹಚ್ಚಿತು. "ಅವತ್ತ ಕೇಳಿದ್ರಿ! ಬಡವರ ಹೆಣ್ಣಮಗಳ ಉಡಿ ಸಿಕ್ಕಾಗ ಯಾರು, ಯಾರು ಅಂತ ಕೇಳಿದ್ರಿ. ಈಗ ಅಂಗಳಾ ನಿಮ್ಮದಂತ ಗೊತ್ತಾದ ಕೂಡಲೆ ಯಾರೂ ಅಲ್ಲ ಅಂತೀರಿ. ನನಗ ಹೆಸರ ಬೇಕು. ಹೆಸರ ಸಿಗೂತನಕಾ ಇಲ್ಲಿಂದ ಕದಲಂಗಿಲ್ಲ."

ಅವನು ಮೇಜು ಗುದ್ದಿದ. ಮೊಗಲಪ್ಪ ಅಷ್ಟು ಹೊತ್ತೂ ಹೆಂಗಸರ ನಗೆಯನ್ನು ನುಂಗಿಕೊಂಡು ನಿಂತಿದ್ದವನು, ಈಗ ಕಾರಿದ. "ಹೆಸರ ಬೇಕೇನು ನಿನಗ? ತಗೋ. ಫರಸಿ ತಾನಾಗೇ ಎದ್ದು ತೊಗರ್ಯಾಗ ಬಂದು ಕೂಡ್ತದೇನು? ಆ ಅಂಗಳದಾಗ ಕಬ್ಬಿಣದ ಸಲಿಕಿ ಎಳಿಯಾಂವ ಯಾರು?"

"ಮೊಗಲಪ್ಪ, ಸಾಕು!" ದೀಪ್ತಿ ಎದ್ದು ನಿಂತಳು.

ಆದರೆ ಮಾತು ಬಂದಾಗಿತ್ತು. ಗಂಗಾರಾಮ ದೀಪ್ತಿಯ ಮುಖ ನೋಡಿದ. ಕೊಡೆ ಹಿಡಿದು ಮೂಲೆಯಲ್ಲಿ ಕೂತು ಅವಳು ನೋಡುತ್ತಿದ್ದದ್ದು ಏನೆಂದು ಈಗ ತಿಳಿಯಿತು. ಅವಳಿಗೆ ಮೊದಲೇ ಗೊತ್ತಿತ್ತು. ಅಂಗಳದಲ್ಲಿ ಎಲ್ಲರ ಮುಂದೆ ಬಟ್ಟೆ ಹಾಸಿ ತೋರಿಸುವಾಗ ಒಂದು ಮಾತನ್ನು ಬಿಟ್ಟು ಹೇಳಿದ್ದಳು. ಅವನ ಮಾನ ಉಳಿಸಲಿಕ್ಕೆ.

ಅವನ ಸಲಿಕೆಯ ಸದ್ದು ರಸ್ತೆಯವರೆಗೆ ಕೇಳುತ್ತಿತ್ತು. ಬೇರೆ ಹಮಾಲರು ಮೆತ್ತಗೆ ಬಳಿಯುವವರು. ಇವನದು ಹಾಗಲ್ಲ, ಒಂದು ಕಾಳು ನೆಲಕ್ಕೆ ಬಿಡುತ್ತಿರಲಿಲ್ಲ. ಅಂಚು ಮೊಂಡಾದರೆ ತಾನೇ ಕುಲುಮೆಗೆ ಒಯ್ದು ತಟ್ಟಿಸಿಕೊಂಡು ಬರುತ್ತಿದ್ದ. 'ಕೆಲಸ ಅಂದ್ರ ಗಂಗಾರಾಮಂದು' ಅಂತ ಸಾವುಕಾರ ಬಂದವರಿಗೆ ತೋರಿಸುತ್ತಿದ್ದ. ಎದ್ದ ಪದರವನ್ನು ಎಬ್ಬಿಸಿ ತೊಗರಿಗೆ ಸೇರಿಸಿದ್ದು ಆ ಹರಿತ ಅಂಚು. ಅಂಗಳದಲ್ಲಿ ಅವನು ಬಳಿದು ಕೊಟ್ಟ ಕಲ್ಲನ್ನೇ ಮುಂದೊಂದು ಸಂಜೆ ಅವನ ಹೆಂಡತಿಯ ಉಡಿಗೆ ಹಾಕಿ ಕಳಿಸಿದ್ದರು.

"ನಿಮ್ಮ ತಪ್ಪಲ್ಲ ಕಾಕಾ," ದೀಪ್ತಿ ಅಂದಳು. "ಫರಸಿ ಹಾಸಿದ್ದು ಮಿಲ್ಲು, ಸಲಿಕಿ ಕೊಟ್ಟಿದ್ದು ಮಿಲ್ಲು. ಚೊಕ್ಕ ಬಳಿ ಅಂದ್ರು, ನೀವು ಚೊಕ್ಕ ಬಳದೀರಿ. ನಾಳಿಂದ ಕಟ್ಟಿಗಿ ಹಲಗಿ ಕೊಡ್ತೀವಿ. ಅಷ್ಟೇ."

ಅಷ್ಟೇ. ಗಂಗಾರಾಮ ಕುರ್ಚಿಗೆ ಕೂತ. ಎಷ್ಟು ಹಗುರ ಮಾತು! ನಿಮ್ಮ ತಪ್ಪಲ್ಲ. ಕೇಳಿದೊಡನೆ ಎದೆ ಬಿಡುಗಡೆಯಾಯಿತು, ಉಸಿರು ಬಂತು. ಉಸಿರು ಬಂದ ಮೇಲೆಯೇ ಅವನಿಗೆ ಅಳು ಬಂದದ್ದು. ಈ ಎರಡು ಶಬ್ದಕ್ಕಾಗಿ ಶಂಕರಮ್ಮ ಅವತ್ತು ಹೊಸ್ತಿಲಲ್ಲಿ ಅವನ ಮುಖ ನೋಡಿದ್ದಳು.

"ಮೇಡಮ್, ಆಕಿಗಿ ಈ ಮಾತ ನೀವು ಹೇಳ್ರಿ" ಅಂದ, ಒರಟು ಕೈಯಿಂದ ಮುಖ ಒರೆಸಿಕೊಂಡು.

"ಹೇಳ್ತೀನಿ. ಗೇಟಿನ ಮುಂದ, ಎಲ್ಲಾ ಹೆಣ್ಮಕ್ಕಳ ಎದುರಿಗಿ ಹೇಳ್ತೀನಿ, ಸಾವುಕಾರರೂ ಇರ್ತಾರ. ಆಕಿ ಜಾಗಾ ಖಾಲೀನೇ ಅದ. ಆದ್ರ ಮೊದಲ ನೀವು ಹೋಗಿ ಹೇಳ್ರಿ ಕಾಕಾ. ನಾ ಹೇಳಿದ್ರ ಮಿಲ್ಲಿನ ಮಾತಾಗ್ತದ. ಆಕಿಗಿ ಬೇಕಾದದ್ದು ಮನೀ ಮಾತೋ ಏನೋ."

ಮರುದಿನ ಬೆಳಗ್ಗೆಯೇ ಹೊರಟ. ಒಗೆದ ಧೋತರ ಉಟ್ಟ. ಜಹೀರಾಬಾದಿನ ಬಸ್ಸು ಹೆಂಗಸರಿಂದ ತುಂಬಿ ತುಳುಕುತ್ತಿತ್ತು. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ ಇದು. ತವರಿಗೆ, ಸಂತೆಗೆ, ಸುಮ್ಮನೆ ಅಕ್ಕನ ಮುಖ ನೋಡಿಕೊಂಡು ಬರುವುದಕ್ಕೂ ಹೊರಟವರು. ಬರುವ ಮನಸ್ಸಿದ್ದಿದ್ದರೆ ಶಂಕರಮ್ಮ ಯಾವತ್ತಾದರೂ ಕಾಸು ಬಿಚ್ಚದೆ ಬಂದುಬಿಡಬಹುದಿತ್ತು. ಬಂದಿಲ್ಲ. ಕಂಬಿ ಹಿಡಿದು ನಿಂತ ಗಂಗಾರಾಮನಿಗೆ ದಾರಿಯುದ್ದಕ್ಕೂ ಇದೇ ಚುಚ್ಚಿತು. ಜಹೀರಾಬಾದಿನಲ್ಲಿ ಇಳಿದು ಅವಳಿಗೆ ಸೇರುವ ಪೇಢೆ ಕಟ್ಟಿಸಿಕೊಂಡ. ನಾರಾಯಣಖೇಡದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಆಡಬೇಕಾದ ಮಾತನ್ನು ತುಟಿಯಲ್ಲೇ ತಿರುಗಿಸಿದ. ಸಲಿಕಿ ನಂದು, ನಿನ್ನ ಗಲತಿ ಇದ್ದಿಲ್ಲ. ಪಕ್ಕದಲ್ಲಿ ಕೂತ ಮುದುಕ, ಇವನೇನೋ ಜಪ ಮಾಡುತ್ತಾನೆಂದು ಸರಿದು ಕೂತ. ಖೇಡಿನಿಂದ ಮತ್ತೊಂದು ಬಸ್ಸು ಹತ್ತಿ ಕಲ್ಹೇರಿಗೆ ಮುಟ್ಟುವಾಗ ಹೊತ್ತು ಇಳಿಮುಖವಾಗಿತ್ತು.

ಶಂಕರಮ್ಮನ ತಮ್ಮನ ಹೆಂಡತಿ ಈಶಮ್ಮ ಬಾಗಿಲಲ್ಲೇ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. "ಬರ್ರಿ ಅಣ್ಣಾ. ದಾರಿ ನೆಪ್ಪಾತೇನು?" ಅಂತ ಕುಟುಕಿ, ಕಾಲಿಗೆ ನೀರು ಕೊಟ್ಟಳು. "ಅಕ್ಕ ಹಿತ್ತಲದಾಗಾಳ. ಕರೀತೀನಿ."

"ಬ್ಯಾಳಿ ನೀ ಮಾಡ್ಲಕತ್ತೀಯಲ್ಲ. ಆಕಿ ಇರೂಮುಂದ?"

ಈಶಮ್ಮ ದನಿ ತಗ್ಗಿಸಿದಳು. "ಅಕ್ಕ ಮೊರಾ ಮುಟ್ಟಂಗಿಲ್ಲಣ್ಣಾ. ಅಕ್ಕಿ ಇಲ್ಲ, ಬ್ಯಾಳಿ ಇಲ್ಲ. ನನ್ನ ಕಣ್ಣ ಹೋಗ್ಯಾವು ಅಂತಾಳ. ಖೇಡಕ್ಕ ಕರಕೊಂಡ ಹೋಗಿ ಡಾಕ್ಟರಿಗಿ ತೋರಿಸಿದಿವಿ. ಕಣ್ಣ ಛಲೋ ಅವ, ಸೂಜಿ ಪೋಣಸ್ತಾಳ ಅಂದ. ಆಕಿ ನಂಬಂಗಿಲ್ಲ. ನಾವು ಉಣ್ಣಾಕ ಕುಂತ್ರ ನಮ್ಮ ದವಡಿನೇ ನೋಡ್ತಿರ್ತಾಳ. ಹಲ್ಲಿಗಿ ಏನರ ಹತ್ತಿತೇನು, ಏನರ ಹತ್ತಿತೇನು ಅಂತ."

ಗಂಗಾರಾಮನ ಜಪ ಅಲ್ಲಿಗೆ ಮರೆತುಹೋಯಿತು.

ಶಂಕರಮ್ಮ ಬಂದಳು. ಬಡವಾಗಿದ್ದಳು. "ಈಗ ಬಂದ್ರೇನು?" ಅಂದಳು, ಪಕ್ಕದ ಓಣಿಯಿಂದ ಬಂದವನನ್ನು ಕೇಳಿದ ಹಾಗೆ. ಚಹಾ ಮಾಡಿ ತಂದು, ಕಟ್ಟೆಯ ಮೇಲೆ ಅವನ ಬಲಮಗ್ಗಲಿಗೆ ಇಟ್ಟು, ಕಂಬಕ್ಕೆ ಆತು ಕೂತಳು. ಅವನು ಪೇಢೆ ಕೊಟ್ಟ. ಇಸಕೊಂಡು ಪಕ್ಕಕ್ಕಿಟ್ಟಳು.

ಅವನು ಹೇಳತೊಡಗಿದ. ದೀಪ್ತಿ ಬಂದದ್ದು, ಬಟ್ಟಲು ಇಟ್ಟದ್ದು, ಅಮೃತಬಾಯಿ ಸಂಚಿ ಕೊಡವಿದ್ದು, ಬಿಳಿ ಬಟ್ಟೆ, ಹಳದಿ ಫರಸಿ, ಹಳದಿ ಬೆಳಕು, ಇನ್ನು ಹಾಸುವ ತಾಡಪತ್ರಿ, ಹಾಕುವ ಬಿಳಿ ದೀಪ. ಶಂಕರಮ್ಮ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಅಮೃತಬಾಯಿ ಮೊಗಲಪ್ಪನಿಗೆ ಅಂದ ಮಾತಿಗೆ ಅವಳ ತುಟಿ ಸ್ವಲ್ಪ ಅಲುಗಿತು. ನಕ್ಕಳು ಅಂತ ಅವನಿಗೆ ಧೈರ್ಯ ಬಂತು.

"ಮತ್ತ ಅಂಗಳದಾಗ ಸಲಿಕಿ ಯಾರದಂತಿ? ನಂದೇ. ನಾನೇ ಎಬ್ಬಿಸಿ ಕೊಟ್ಟೀನಿ. ನಿನ್ನ ಗಲತಿ ಇದ್ದಿಲ್ಲ ಶಂಕರಿ. ನಿನ್ನ ಕಣ್ಣ ಛಲೋ ಅವ, ನಿನ್ನ ಕೈ ಛಲೋ ಅವ. ಆ ಬೆಳಕಿನ್ಯಾಗ ದೇವರ ಕುಂತು ಆರಿಸಿದ್ರೂ ಸಿಗತಿದ್ದಿಲ್ಲ."

ಅವಳು ತನ್ನ ಅಂಗೈ ನೋಡಿಕೊಂಡಳು. "ನಾ ಹೇಳಿದ್ನಲ್ಲ, ನೋಡೀನಂತ," ಅಂದಳು.  "ದಿನಾ ಹೇಳಿ ಹೇಳಿ ನನಗೇ ಸುಳ್ಳ ಅನಸಲಕತ್ತಿತ್ರಿ. ನೀವೂ ಕಣ್ಣ ಹೋಗ್ಯಾವು ಅಂದಮ್ಯಾಲ ಹೋಗಿರಬೇಕು ಅಂದಕೊಂಡೆ." ಸೆರಗಿನಿಂದ ಕಣ್ಣೊತ್ತಿಕೊಂಡಳು. "ಮತ್ತ ಸಲಿಕಿ ನಿಮ್ಮದಂತ ಗೊತ್ತಾದಾಗ ನಿಮಗೇನಂದ್ರು?"

"ಏನಂತಾರ? ತಪ್ಪಲ್ಲ ಅಂದ್ರು. ಕಟ್ಟಿಗಿ ಹಲಗಿ ಕೊಡ್ತೀವಂದ್ರು."

"ಛಲೋ ಆತು" ಅಂದಳು ಶಂಕರಮ್ಮ. ಅದರಲ್ಲಿ ಕುಟುಕು ಇರಲಿಲ್ಲ. ಅವನಿಗೆ ಅವಮಾನವಾಗಲಿಲ್ಲವಲ್ಲ ಅಂತ ಖರೆಯೇ ಸಮಾಧಾನ ಪಟ್ಟಂತೆ ಇತ್ತು.

ಗಂಗಾರಾಮನಿಗೆ ಕೆಲಸ ಗೆದ್ದಂತೆ ಅನಿಸಿತು. "ಅದಕ್ಕ ಬಂದೀನಿ. ನಡಿ ಊರಿಗಿ. ಗೇಟಿನ ಮುಂದ ಎಲ್ಲಾರ ಎದುರಿಗಿ ಸಾವುಕಾರನ ಕೈಲೇ ಹೇಳಸ್ತೀನಿ, ಆ ಮೊಗಲ್ಯಾನ ಮಾರಿ ಹ್ಯಾಂಗ ಸಣ್ಣದಾಗ್ತದ ನೋಡೀಯಂತ!" ಅನ್ನುತ್ತ ಹುಮ್ಮಸ್ಸಿನಲ್ಲಿ ಕೈ ಬೀಸಿದ. ಮೊಣಕೈ ಕಪ್ಪಿಗೆ ತಾಗಿತು. ಕಪ್ಪು ಉರುಳಿ ಚಹಾ ಅವನ ಒಗೆದ ಧೋತರದ ಮೇಲೆ ಹರಿಯಿತು.

"ಏಯ್, ಇಲ್ಲ್ಯಾಕ ಇಟ್ಟಿ? ಇಡಾಕ ಬ್ಯಾರೆ ಜಾಗಾನೇ ಇದ್ದಿಲ್ಲೇನು ನಿನಗ?"

ಮಾತು ಮುಗಿಯುವ ಮೊದಲೇ ಅವನಿಗೆ ತಿಳಿಯಿತು. ಆದರೆ ಮುಗಿದಿತ್ತು.

ಶಂಕರಮ್ಮ ಬೆಚ್ಚಿಬೀಳಲಿಲ್ಲ, ಸಿಟ್ಟಾಗಲೂ ಇಲ್ಲ. ಇಂಥದಕ್ಕೆ ಒಗ್ಗಿದವಳ ಹಾಗೆ ಎದ್ದು, ಒಳಗಿಂದ ಅರಿವೆ ತಂದು, ಕಪ್ಪನ್ನು ಎತ್ತಿಟ್ಟು ಕಟ್ಟೆ ಒರೆಸಿದಳು.

"ಬಾಯಿ ತಪ್ಪಿ ಬಂತು" ಅಂದ ಗಂಗಾರಾಮ.

"ಗೊತ್ತದರಿ. ಬೇಕಂತ ಅನ್ನಂಗಿಲ್ಲ ನೀವು." ಒರೆಸುತ್ತಲೇ ಹೇಳಿದಳು. "ಇಷ್ಟ ವರ್ಷ ಸಂಸಾರ ಮಾಡೀನಿ. ಏನರ ಆತಂದ್ರ ಮೊದಲ ನಿಮ್ಮ ಬಾಯಿ ನನ್ನ ಕಡಿ ತಿರಗತದ. ಕೈ ಯಾರದಂತ ಆಮ್ಯಾಲ ನೆಪ್ಪಾಗ್ತದ."

"ಇನ್ಮ್ಯಾಲ ಅನ್ನಂಗಿಲ್ಲ. ಮಗಳ ಆಣಿ."

"ಆಣಿ ಹಾಕಬ್ಯಾಡ್ರಿ. ಮಿಲ್ಲಿನ್ಯಾಗೂ ಹೆದರಸಿ, ಉಡಿಗಿ ಕಲ್ಲ ಹಾಕಿ ಆಗಿಲ್ಲಲ್ಲ. ನೆಲಕ್ಕ ತಾಡಪತ್ರಿ ಹಾಸಬೇಕಾತು, ದೀಪಾ ಬದಲ ಮಾಡಬೇಕಾತು." ಅವಳು ಕೈ ನಿಲ್ಲಿಸಿದಳು. "ಆ ಹುಡುಗಿ ಕರದ್ರ ನಾ ಮಿಲ್ಲಿಗಿ ಬಂದೇನು. ಅಮೃತಬಾಯಿ ಜೋಡಿ ಇದ್ದು ದುಡಕೊಂಡೇನು. ನಮ್ಮ ಮನೀಗಿ ಬರಂಗಿಲ್ರಿ."

ಅವನ ಮೂಗಿನ ತುದಿಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹುಡುಕಿದ. ಎದುರಿಗೆ ಅವಳೊಬ್ಬಳೇ ಇದ್ದಳು. ಹಲ್ಲು ಕಚ್ಚಿ ನುಂಗಿದ. ಬದುಕಿನಲ್ಲಿ ಮೊದಲ ಸಲ ನುಂಗಿದ. ಅದು ಎಷ್ಟು ಕಹಿ ಅಂತ ಅವನಿಗೆ ಆಗ ಗೊತ್ತಾಯಿತು, ಇವಳು ಅದನ್ನು ದಿನಾ ಉಂಡಿದ್ದಳು.

"ಕೊಡು ಇಲ್ಲಿ, ನಾ ಒರಸ್ತೀನಿ" ಅಂತ ಅರಿವೆಗೆ ಕೈ ಚಾಚಿದ.

ಶಂಕರಮ್ಮ ಕೊಡಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. "ಖೇಡಿನ ಬಸ್ಸಿನ ಹೊತ್ತಾತು" ಅಂದಳು.

ಅವನು ಎದ್ದು ಚಪ್ಪಲಿ ಮೆಟ್ಟಿದ. ಅಂಗಳ ದಾಟಿ ತಿರುಗಿ ನೋಡಿದಾಗ ಅವಳು ಇನ್ನೂ ಬಗ್ಗಿ ಅದೇ ಜಾಗವನ್ನು ಒರೆಸುತ್ತಿದ್ದಳು. ಕಟ್ಟೆ ಆಗಲೇ ಒಣಗಿತ್ತು. ಅವಳು ಬೆರಳಿಂದ ಮುಟ್ಟಿ ನೋಡಿದಳು, ನಂಬಿಕೆಯಾಗದೆ ಇನ್ನೊಮ್ಮೆ ಒರೆಸಿದಳು.